ಹಿಟ್ಟಿನ ಕೋಳಿಯೂ ಗೆರೆಯ ಚಿತ್ರವೂ

ಕಳೆದ ದೀಪಾವಳಿಯಂದು ವೀರನಿರ್ವಾಣದ ಪೂಜೆಯನ್ನು ಮುಗಿಸಿ, ಬಾಗಲಗುಂಟೆಯ ನಮ್ಮ ಅಂಗಡಿಯಲ್ಲಿ ಹೊಸ ಖಾತೆ ಪುಸ್ತಕಗಳಿಗೆ ಕುಂಕುಮವಿಡುವ ವೇಳೆಗೆ ಒಂದು ಪುಸ್ತಕ ಕಡಿಮೆ ಬಂದಿತು. ಲೆಕ್ಕಪತ್ರವೆಲ್ಲ ಗಣಕಯಂತ್ರಕ್ಕೆ ಹೋಗಿ ಎಷ್ಟೋ ವರ್ಷಗಳಾದವು. ಆದರೂ ಕೆಂಪು ರಟ್ಟಿನ ನಾಲ್ಕು ಪುಸ್ತಕಗಳನ್ನು ತಂದು ಪೂಜಿಸುವ ರೂಢಿಯನ್ನು ನಾನು ಬಿಟ್ಟಿಲ್ಲ. ನಾಲ್ಕನೆಯದು ಹತ್ತು ವರ್ಷದ ಮೊಮ್ಮಗನ ಶಾಲೆಯ ಚೀಲದಲ್ಲಿ ಸಿಕ್ಕಿತು. ಮೊದಲ ಪುಟದಲ್ಲಿ ಮೂರು ಹೆಸರುಗಳಿದ್ದವು. ಇಬ್ಬರು ಸಹಪಾಠಿಗಳು, ಒಬ್ಬರು ಶಿಕ್ಷಕರು. ಹೆಸರಿನ ಮುಂದೆ ಮೊತ್ತವಿರಲಿಲ್ಲ. ಇದೇನೆಂದು ಕೇಳಿದೆ. ಬಾಲಕನು ಅಂಜದೆ ಹೇಳಿದನು: ಈ ಪುಸ್ತಕದಲ್ಲಿ ಯಾರ ಹೆಸರನ್ನು ಬರೆಯುತ್ತೇವೋ ಅವರು ಸಾಯುತ್ತಾರೆ, ಆದರೆ ಅದು ಆಟ, ಕಾರ್ಟೂನಿನಲ್ಲಿ ಬರುವುದು, ನಿಜವಲ್ಲ ತಾತ.

ನಿಜವಲ್ಲ ಎಂಬ ಈ ಸಮಾಧಾನವು ಹೊಸದಲ್ಲ. ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ರಾಜಮಾತೆ ಚಂದ್ರಮತಿಯ ವಾದದ ತಿರುಳೂ ಇದೇ. ದುಃಸ್ವಪ್ನದ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ಆಕೆ ಮಗನನ್ನು ಒತ್ತಾಯಿಸುತ್ತಾಳೆ, ಯಶೋಧರನು ಒಲ್ಲೆನೆನ್ನುತ್ತಾನೆ, ಕಡೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಹಿಟ್ಟಿಗೆ ಪ್ರಾಣವೆಲ್ಲಿಯದು? ಆದರೆ ಆ ಕೋಳಿಯ ರೂಪ ಎಷ್ಟು ಸೊಗಸಾಗಿದ್ದಿತೆಂದರೆ ಬೆಂತರವೊಂದು ಅದರೊಳಗೆ ಸೇರಿಕೊಂಡಿತು. ಕತ್ತಿ ಬಿದ್ದಾಗ ಕೋಳಿ ಕೂಗಿತು. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಮೀನಾಗಿ, ಮೊಸಳೆಯಾಗಿ, ಆಡಾಗಿ, ಕೋಣನಾಗಿ, ಕಡೆಗೆ ತಾವೇ ಕೋಳಿಗಳಾಗಿ ಹುಟ್ಟಿ ಸಾಯಬೇಕಾಯಿತು. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪವು ಹಿಟ್ಟಿನದಾಗಿರಲಿಲ್ಲ. ಗಿರೀಶ ಕಾರ್ನಾಡರು ಇದನ್ನೇ ಎತ್ತಿಕೊಂಡು 1980ರಲ್ಲಿ ‘ಹಿಟ್ಟಿನ ಹುಂಜ’ ಎಂಬ ನಾಟಕವನ್ನು ಬರೆದರು.

ಈ ಪತ್ರಿಕೆಯ ವಾಚಕರಿಗೆ ಈ ಕಥೆಯನ್ನು ಹೇಳಬೇಕಾದ ಅಗತ್ಯವಿಲ್ಲ. ಆದರೂ ಹೇಳಿದೆ, ಏಕೆಂದರೆ ಅಂದು ರಾತ್ರಿ ಮೊಮ್ಮಗನು ನೋಡಿದ ಆ ಸರಣಿಯನ್ನು ನಾನೂ ನೋಡಲು ಕುಳಿತಾಗ ಜನ್ನನಲ್ಲದೆ ಬೇರಾವ ದಾರಿದೀಪವೂ ನನ್ನ ಬಳಿ ಇರಲಿಲ್ಲ.

ಸರಣಿಯ ಹೆಸರು ‘ಡೆತ್ ನೋಟ್’. ಜಪಾನಿನ ತ್ಸುಗುಮಿ ಓಬಾ ಅವರ ಕಥೆಗೆ ತಕೇಶಿ ಒಬಾಟಾ ಅವರು ಚಿತ್ರ ಬರೆದ ಚಿತ್ರಕಥಾಮಾಲೆಯು ಅನಿಮೇಷನ್ ರೂಪದಲ್ಲಿ 2006ರ ಅಕ್ಟೋಬರಿನಿಂದ 2007ರ ಜೂನ್‌ವರೆಗೆ ಅಲ್ಲಿನ ದೂರದರ್ಶನದಲ್ಲಿ ಪ್ರಸಾರವಾಯಿತು. ಪ್ರಸಾರದ ಹೊತ್ತು ನಡುರಾತ್ರಿಯ ನಂತರ ಎಂಬುದನ್ನು ಗಮನಿಸಬೇಕು. ಒಟ್ಟು 37 ಕಂತುಗಳು. ನನಗೆ ಹದಿನೈದು ದಿನ ಹಿಡಿಯಿತು. (ಮನೆಯವರು ನಕ್ಕರು. ಸರಕನ್ನು ಬಿಚ್ಚಿ ನೋಡದೆ ಬೆಲೆ ಕಟ್ಟುವ ಅಭ್ಯಾಸ ನನಗಿಲ್ಲ.) ಯಾಗಾಮಿ ಎಂಬ ಅತಿ ಬುದ್ಧಿವಂತ ವಿದ್ಯಾರ್ಥಿಗೆ ಯಮದೂತನೊಬ್ಬ ಬೀಳಿಸಿದ ಪುಸ್ತಕವೊಂದು ಸಿಗುತ್ತದೆ. ಹೆಸರು ಬರೆದು ನಲವತ್ತು ಸೆಕೆಂಡು ಕಳೆದರೆ ಆ ವ್ಯಕ್ತಿಯ ಹೃದಯ ನಿಲ್ಲುತ್ತದೆ. ಅವನು ಮೊದಲು ಬರೆಯುವುದು ಶಿಶುವಿಹಾರದ ಮಕ್ಕಳನ್ನು ಒತ್ತೆಯಿರಿಸಿಕೊಂಡ ದುಷ್ಟನೊಬ್ಬನ ಹೆಸರನ್ನು. ನೋಡುವವರ ಮನಸ್ಸು ಅಲ್ಲಿಯೇ ಸೋಲುತ್ತದೆ; ನನ್ನದೂ ಸೋತಿತೆಂದು ಒಪ್ಪಿಕೊಳ್ಳುತ್ತೇನೆ. ದುಷ್ಟರಿಂದ ಆರಂಭವಾದ ಈ ಬರಹವು ತನ್ನನ್ನು ಹುಡುಕಿಕೊಂಡು ಬಂದ ನಿರಪರಾಧಿಗಳವರೆಗೆ ಸಾಗುತ್ತದೆ. ಕ್ರೋಧದಿಂದ ಹೊರಟವನು ಮಾನಕಷಾಯದ ತುದಿಗೇರಿ, ತಾನೇ ಹೊಸ ಲೋಕದ ದೇವರೆಂದು ಬಗೆಯುತ್ತಾನೆ.

ಈ ಕೃತಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಚಿಕ್ಕ ನಿಯಮ. ಹೆಸರನ್ನು ಬರೆಯುವಾಗ ಆ ವ್ಯಕ್ತಿಯ ಮುಖವು ಬರೆಯುವವನ ಮನಸ್ಸಿನಲ್ಲಿರಬೇಕು. ಇಲ್ಲವಾದರೆ ಬರಹಕ್ಕೆ ಫಲವಿಲ್ಲ. ಒಂದೇ ಹೆಸರಿನ ಅನೇಕರು ಸಾಯದಿರಲೆಂದು ಕಥೆಗಾರರು ಮಾಡಿಕೊಂಡ ಏರ್ಪಾಡು ಇದು. ಆದರೆ ಸಂಕಲ್ಪಹಿಂಸೆಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರವನ್ನು ಇತ್ತೀಚಿನ ಯಾವ ಕೃತಿಯಲ್ಲೂ ನಾನು ಕಂಡಿಲ್ಲ. ಕೈಯಲ್ಲಿ ಕತ್ತಿಯಿಲ್ಲ, ನೆಲದ ಮೇಲೆ ನೆತ್ತರಿಲ್ಲ, ಕೊಲ್ಲುವವನು ತನ್ನ ಕೋಣೆಯ ಮೇಜಿನ ಮುಂದೆ ಮನೆಪಾಠ ಬರೆಯುವಂತೆ ಕುಳಿತಿದ್ದಾನೆ. ರಕ್ತ ಎಷ್ಟಿದೆಯೆಂದು ಅಳೆದು ಮಕ್ಕಳಿಗೆ ಅನುಮತಿ ಕೊಡುವ ತಂದೆತಾಯಿಗಳ ಕಣ್ಣಿಗೆ ಇದು ನಿರುಪದ್ರವಿಯಾಗಿ ಕಂಡೀತು. ನಮ್ಮ ಅಳತೆಗೋಲಿನಲ್ಲಿ ಇದು ಹಿಂಸೆಯ ಬುಡ. ದ್ರವ್ಯಹಿಂಸೆಯನ್ನು ತೋರಿಸದೆ ಭಾವಹಿಂಸೆಯನ್ನೇ ವಸ್ತುವಾಗಿರಿಸಿಕೊಂಡ ಕೃತಿ.

ಕೃತಿಯು ಕೆಟ್ಟದ್ದೆಂದು ನಾನು ಹೇಳಲಾರೆ. ಪುಸ್ತಕವನ್ನು ಕೆಳಗೆಸೆದ ಯಮದೂತನೇ ಕೊನೆಯ ಕಂತಿನಲ್ಲಿ ಯಾಗಾಮಿಯ ಹೆಸರನ್ನು ಬರೆಯುತ್ತಾನೆ. ಕರ್ಮವು ತಿರುಗಿ ಬಂದು ಫಲ ಕೊಡುವುದನ್ನು ಇಷ್ಟು ನಿಷ್ಠುರವಾಗಿ ತೋರಿಸುವ ಕೃತಿಗೆ ಹದಿನೇಳರ ಯುವಕನನ್ನು ಕೂರಿಸಿ ಚರ್ಚಿಸಬಹುದು. ಆದರೆ ನನ್ನ ಮೊಮ್ಮಗನು ನೋಡಿದ್ದು ಒಂಬತ್ತೋ ಹತ್ತೋ ಕಂತುಗಳನ್ನು. ರಜೆ ಮುಗಿಯಿತು, ನೋಡುವುದೂ ನಿಂತಿತು. ಬೀಜ ಬಿದ್ದಿತು, ಫಲೋದಯವನ್ನು ಅವನು ಕಾಣಲಿಲ್ಲ. ಕೃತಿಯ ಧರ್ಮವು ಇಪ್ಪತ್ತೇಳು ಕಂತುಗಳ ಆಚೆ ಇದ್ದರೆ ಹತ್ತು ವರ್ಷದವನಿಗೆ ಅದು ಇಲ್ಲದಂತೆಯೇ.

ಅವನ ತಂದೆಯನ್ನು ಕೇಳಿದಾಗ ಬಂದ ಉತ್ತರ, ‘ಕಾರ್ಟೂನ್ ತಾನೇ ಎಂದು ಬಿಟ್ಟೆ’. ಈ ‘ತಾನೇ’ ಎಂಬ ಪದದಲ್ಲಿಯೇ ದೋಷವಿದೆ. ಗೆರೆಯಲ್ಲಿ ಬರೆದದ್ದೆಲ್ಲ ಮಕ್ಕಳಿಗೆಂದು ನಾವು ತಿಳಿದಿದ್ದೇವೆ. ‘ಶಿನ್‌ಚಾನ್’ ಎಂಬ ಚೇಷ್ಟೆಯ ಬಾಲಕನ ಚಿತ್ರಕಥೆಯು 1990ರಲ್ಲಿ ಜಪಾನಿನಲ್ಲಿ ಆರಂಭವಾದದ್ದು ವಯಸ್ಕರ ವಾರಪತ್ರಿಕೆಯಲ್ಲಿ. ನಮ್ಮ ದೇಶದಲ್ಲಿ 2006ರಲ್ಲಿ ಅದು ಮಕ್ಕಳ ವಾಹಿನಿಯಲ್ಲಿ ಬಂದಿತು. ತಂದೆತಾಯಿಗಳ ದೂರಿನ ಮೇಲೆ 2008ರಲ್ಲಿ ಪ್ರಸಾರ ನಿಂತು, ಮರುವರ್ಷ ಕತ್ತರಿ ಹಾಕಿಸಿಕೊಂಡು ಮರಳಿತು. ಸರಕು ದೊಡ್ಡವರದು, ಚೀಟಿ ಚಿಕ್ಕವರದು. ವ್ಯಾಪಾರದಲ್ಲಿ ಹೀಗೆ ಮಾಡಿದರೆ ತೂಕ ಮತ್ತು ಅಳತೆಯ ಇಲಾಖೆಯವರು ಬರುತ್ತಾರೆ.

ಸರ್ಕಾರವು ಸುಮ್ಮನಿಲ್ಲ. 2021ರ ಫೆಬ್ರುವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳು ಅಂತರ್ಜಾಲದ ಮೂಲಕ ಮನೆಗೆ ಬರುವ ಚಿತ್ರಗಳನ್ನು ಎಲ್ಲರಿಗೂ, 7ಕ್ಕೆ ಮೇಲ್ಪಟ್ಟವರಿಗೆ, 13ಕ್ಕೆ ಮೇಲ್ಪಟ್ಟವರಿಗೆ, 16ಕ್ಕೆ ಮೇಲ್ಪಟ್ಟವರಿಗೆ, ವಯಸ್ಕರಿಗೆ ಎಂದು ವಿಂಗಡಿಸಿವೆ. 13ರಿಂದ ಮೇಲಿನ ದರ್ಜೆಗಳಿಗೆ ತಂದೆತಾಯಿಗಳು ಹಾಕಬಹುದಾದ ಬೀಗವನ್ನು ಒದಗಿಸುವುದು ಕಡ್ಡಾಯ. ಚಿತ್ರಮಂದಿರದ ಚಿತ್ರಗಳಿಗೂ ಇದೇ ವಿಂಗಡಣೆಯು 2023ರ ತಿದ್ದುಪಡಿಯಿಂದ ಬಂದಿತು. ಒಳ್ಳೆಯದೇ. ಆದರೆ ಬೀಗವನ್ನು ಒದಗಿಸುವುದು ಅವರ ಕೆಲಸ, ಹಾಕುವುದು ನಮ್ಮ ಕೆಲಸ. ನಮ್ಮ ಮನೆಯಲ್ಲಿ ಅದನ್ನು ಹಾಕಿರಲಿಲ್ಲ.

ಇನ್ನು ನಮ್ಮ ನಾಡಿನ ಚಿತ್ರವೊಂದರ ವಿಚಾರ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶಿಸಿದ ‘ಮಹಾವತಾರ್ ನರಸಿಂಹ’ ಅನಿಮೇಷನ್ ಚಿತ್ರವು 2025ರ ಜುಲೈ 25ರಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡು, ಭಾರತದ ಅನಿಮೇಷನ್ ಚಿತ್ರಗಳಲ್ಲಿ ಹಿಂದೆಂದೂ ಕಾಣದಷ್ಟು ಹಣ ಗಳಿಸಿತು. ಮೊಮ್ಮಗನನ್ನೂ ಐದು ವರ್ಷದ ಮೊಮ್ಮಗಳನ್ನೂ ನಾನೇ ಕರೆದುಕೊಂಡು ಹೋಗಿದ್ದೆ. ಅನ್ಯರ ಆರಾಧ್ಯ ದೈವದ ಕಥೆಯನ್ನು ತೂಗುವುದು ಅನೇಕಾಂತವನ್ನು ನಂಬಿದವನಿಗೆ ತಕ್ಕುದಲ್ಲ. ಚಿತ್ರವನ್ನು ಮಾತ್ರ ಕುರಿತು ಹೇಳುತ್ತೇನೆ. ಪ್ರಹ್ಲಾದನ ಭಾಗವು ಉತ್ತಮವಾಗಿದೆ. ವಿಷಕ್ಕೂ ಬೆಂಕಿಗೂ ಒಡ್ಡಲ್ಪಟ್ಟ ಬಾಲಕನು ತಂದೆಯನ್ನು ದ್ವೇಷಿಸುವುದಿಲ್ಲ. ದಶಲಕ್ಷಣದ ಮೊದಲ ದಿನ ನಾವು ಹೇಳುವ ಉತ್ತಮಕ್ಷಮೆಗೆ ಇದು ಹತ್ತಿರದ್ದೇ. ಆದರೆ ಕಡೆಯ ಭಾಗದಲ್ಲಿ ಚಿತ್ರಕಾರರ ಕೌಶಲವೆಲ್ಲ ಕ್ರೋಧದ ಮೇಲೆ ಸುರಿದಿದೆ. ಘರ್ಜನೆ, ಉಗುರು, ನೆತ್ತರು ಇವುಗಳ ಸೊಬಗಿನಲ್ಲಿ ಆ ಬಾಲಕನ ಸಹನೆ ಮುಳುಗಿಹೋಗುತ್ತದೆ. ಮಂದಿರದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮೊಮ್ಮಗನೂ ತಟ್ಟಿದನು. ಮೊಮ್ಮಗಳು ನನ್ನ ತೋಳಿನಲ್ಲಿ ಮುಖ ಮುಚ್ಚಿಕೊಂಡು, ಆಮೇಲೆ ಮೂರು ರಾತ್ರಿ ಕಂಬದ ಹತ್ತಿರ ಹೋಗಲಿಲ್ಲ. ಅವಳನ್ನು ಕರೆದೊಯ್ದದ್ದು ನನ್ನ ತಪ್ಪು.

ಚಪ್ಪಾಳೆ ತಟ್ಟಿದ ಮಗುವಿನ ಬಗ್ಗೆ ನನಗೆ ಆಗ ಯೋಚನೆ ಬರಲಿಲ್ಲ. ಹೆದರಿದ ಮಗುವಿನ ಬಗ್ಗೆ ಮಾತ್ರ ಬಂದಿತು. ಖಾತೆ ಪುಸ್ತಕ ಸಿಕ್ಕಿದ ಮೇಲೆ ಲೆಕ್ಕ ತಿರುಗಿತು. ಹೆದರಿಕೆಯು ಮೂರು ರಾತ್ರಿಗೆ ಕಳೆಯುತ್ತದೆ. ಮಾಡಿದ್ದು, ಮಾಡಿಸಿದ್ದು, ಮೆಚ್ಚಿ ಅನುಮೋದಿಸಿದ್ದು, ಮೂರೂ ಬಂಧಕ್ಕೆ ಕಾರಣವೆಂದು ಪಾಠಶಾಲೆಯಲ್ಲಿ ಹೇಳಿಕೊಡುವ ನಾವು ಅನುಮೋದನೆಯು ಮಗುವಿನಲ್ಲಿ ಹುಟ್ಟುವ ಸ್ಥಳವನ್ನು ನೋಡುವುದೇ ಇಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅನರ್ಥದಂಡಗಳನ್ನು ಎಣಿಸುವಾಗ ದುಃಶ್ರುತಿಯನ್ನೂ ಸೇರಿಸಿದ್ದಾರೆ. ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೂ ನಿಷ್ಪ್ರಯೋಜಕ ಪಾಪವೇ.

ಹಾಗಾದರೆ ಎಲ್ಲವನ್ನೂ ನಿಷೇಧಿಸಿಬಿಡೋಣ ಎನ್ನುವ ಮಿತ್ರರಿದ್ದಾರೆ. ಅವರಿಗೆ ನನ್ನ ಪ್ರಶ್ನೆ ಒಂದೇ. ‘ವಡ್ಡಾರಾಧನೆ’ಯಲ್ಲಿ ಧ್ಯಾನಕ್ಕೆ ನಿಂತ ಸುಕುಮಾರಸ್ವಾಮಿಯನ್ನು ಹೆಣ್ಣುನರಿಯೊಂದು ಮರಿಗಳೊಡನೆ ತಿನ್ನುತ್ತದೆ. ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿಯ ಪ್ರಸಂಗವಿದೆ, ನರಬಲಿಗೆ ತಂದ ಎಳೆಯರಿದ್ದಾರೆ. ರಕ್ತವನ್ನೂ ಕಾಮವನ್ನೂ ಕಂಡಲ್ಲೆಲ್ಲ ಬೀಗ ಹಾಕುವುದಾದರೆ ಮೊದಲು ಬಸದಿಯ ಗ್ರಂಥಭಂಡಾರಕ್ಕೆ ಹಾಕಬೇಕಾದೀತು.

ನಮ್ಮ ಹಿರಿಯರು ಬೀಗ ಹಾಕಲಿಲ್ಲ. ಹೊತ್ತು ನೋಡಿ ಬಾಗಿಲು ತೆರೆದರು. ಜಿನಸೇನಾಚಾರ್ಯರ ‘ಆದಿಪುರಾಣ’ದ ಐವತ್ತಮೂರು ಗರ್ಭಾನ್ವಯ ಕ್ರಿಯೆಗಳಲ್ಲಿ ಅಕ್ಷರಾಭ್ಯಾಸಕ್ಕೆ ಐದನೆಯ ವರ್ಷ, ಉಪನೀತಿಗೆ ಗರ್ಭದಿಂದ ಎಂಟನೆಯ ವರ್ಷ. ಎಂಟಕ್ಕೆ ಮೊದಲು ವ್ರತವಿಲ್ಲ. ಏಕೆಂದರೆ ವ್ರತಕ್ಕೆ ಸಂಕಲ್ಪ ಬೇಕು, ಸಂಕಲ್ಪವೆಂದರೇನೆಂದು ತಿಳಿಯುವ ವಯಸ್ಸು ಬೇಕು. ಸರ್ಕಾರದ ಏಳಕ್ಕೂ ಆಚಾರ್ಯರ ಎಂಟಕ್ಕೂ ಇರುವ ಸಾಮೀಪ್ಯವು ಆಕಸ್ಮಿಕವಿರಬಹುದು, ಇಲ್ಲದಿರಲೂಬಹುದು.

ನನ್ನ ಅಜ್ಜಿ ತುಮಕೂರು ಕಡೆಯ ಹಳ್ಳಿಯಲ್ಲಿ ಯಶೋಧರನ ಕಥೆಯನ್ನು ನನಗೆ ಮೂರು ಸಲ ಹೇಳಿದರು. ಐದಾರು ವರ್ಷದವನಿದ್ದಾಗ ಕೇಳಿದ ಕಥೆಯಲ್ಲಿ ಕೂಗುವ ಹಿಟ್ಟಿನ ಕೋಳಿ ಮಾತ್ರವಿತ್ತು. ಹತ್ತರ ಸುಮಾರಿಗೆ ನವಿಲು, ನಾಯಿ, ಮೀನು, ಮೊಸಳೆಗಳ ಭವಾವಳಿ ಬಂದಿತು. ರಾಣಿಯ ವೃತ್ತಾಂತವು ನನ್ನ ಕಿವಿಗೆ ಬಿದ್ದದ್ದು ಮೀಸೆ ಚಿಗುರಿದ ಮೇಲೆ, ಅದೂ ಎರಡು ವಾಕ್ಯಗಳಲ್ಲಿ, ಅಡಕೆ ಕತ್ತರಿಸುತ್ತ. ಪ್ರತಿ ಸಲವೂ ಕಥೆ ಪೂರ್ಣವಾಗಿತ್ತು; ಮಾಡಿದ್ದಕ್ಕೆ ಫಲವು ಅಂದು ರಾತ್ರಿಯೇ ಬಂದು ನಾನು ನಿದ್ದೆ ಹೋಗುತ್ತಿದ್ದೆ. ಹೇಳುವವರು ನನ್ನ ಮುಖವನ್ನು ನೋಡುತ್ತಿದ್ದರು. ತೆರೆಯು ಮಗುವಿನ ಮುಖವನ್ನು ನೋಡುವುದಿಲ್ಲ. ಆ ಕೆಲಸಕ್ಕೆ ಮನೆಯಲ್ಲೊಬ್ಬರು ಪಕ್ಕದಲ್ಲಿ ಕುಳಿತಿರಬೇಕು. ಕುಳಿತುಕೊಳ್ಳಲು ಸಮಯವಿಲ್ಲದವರು ಮಗುವಿಗೆ ಇನ್ನೂ ವಯಸ್ಸಾಗಿಲ್ಲವೆಂದೇ ತಿಳಿಯಬೇಕು, ಅದಕ್ಕೆ ಎಷ್ಟು ವರ್ಷ ತುಂಬಿದ್ದರೂ.

ನಾನು ಬಲ್ಲ ಟ್ರಸ್ಟೊಂದು ಪಾಠಶಾಲೆಯ ಮಕ್ಕಳಿಗೆ ಬಸದಿಯ ಸಭಾಂಗಣದಲ್ಲಿ ತಿಂಗಳಿಗೊಂದು ಅನಿಮೇಷನ್ ಚಿತ್ರ ತೋರಿಸಲು ಉದ್ದೇಶಿಸಿದೆ. ನನ್ನ ಅಭಿಪ್ರಾಯ ಕೇಳಿದ್ದರಿಂದ ಹೇಳುತ್ತೇನೆ. ಎಂಟರ ಒಳಗಿನವರನ್ನು ಬೇರೆ ಕೂರಿಸಿರಿ. ಮಿಕ್ಕವರಿಗೆ ಅರ್ಧ ಚಿತ್ರವನ್ನು ತೋರಿಸಿ ಊಟಕ್ಕೆ ಎಬ್ಬಿಸಬೇಡಿರಿ. ಚಿತ್ರ ಮುಗಿಯಬೇಕು, ಮುಗಿದ ಮೇಲೆ ಅರ್ಧ ಗಂಟೆ ಮಕ್ಕಳೇ ಮಾತನಾಡಬೇಕು. ಯುದ್ಧದ ಕಥೆಯೇ ಬೇಕೆಂದರೆ ಭರತ ಬಾಹುಬಲಿಯರ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿವೆ. ಸೇನೆಗಳು ನಿಂತು ನೋಡುತ್ತವೆ, ಒಬ್ಬ ಸೈನಿಕನೂ ಸಾಯುವುದಿಲ್ಲ, ಆದರೂ ಬಾಲಕರು ಉಸಿರು ಬಿಗಿಹಿಡಿದು ಕೇಳುತ್ತಾರೆ. ಇದನ್ನು ಒಳ್ಳೆಯ ಕನ್ನಡದಲ್ಲಿ ಗೆರೆಯ ಚಿತ್ರವಾಗಿಸುವ ಖರ್ಚಿಗೆ ಒಂದು ಪಂಚಕಲ್ಯಾಣದ ಶಾಮಿಯಾನದ ಹಣವನ್ನು ತೆಗೆದಿಟ್ಟರೆ ನಾನು ಆಕ್ಷೇಪಿಸುವುದಿಲ್ಲ.

ಆ ಕೆಂಪು ಪುಸ್ತಕದ ಪುಟವನ್ನು ನಾನು ಹರಿಯಲಿಲ್ಲ. ಯಶೋಧರನ ಕಥೆಯನ್ನು ಎರಡನೆಯ ಸಲದ ಅಳತೆಯಲ್ಲಿ, ಭವಾವಳಿಯವರೆಗೆ, ಹೇಳಿದೆ. ಕೋಳಿ ಕೂಗಿದ ಕಡೆ ಅವನು ಸುಮ್ಮನಾದನು. ಮರುದಿನ ಬೆಳಿಗ್ಗೆ ಮೂರು ಹೆಸರುಗಳ ಮೇಲೂ ಗೆರೆ ಎಳೆದು ತಂದನು. ಶಿಕ್ಷಕರ ಹೆಸರಿನ ಮೇಲೆ ಮಾತ್ರ ಗೆರೆ ಸ್ವಲ್ಪ ತೆಳ್ಳಗಿದ್ದಿತು, ಕಾರಣ ಕೇಳಲಿಲ್ಲ. ಮಿಕ್ಕ ಇಪ್ಪತ್ತೇಳು ಕಂತುಗಳು ಯಾವಾಗ ಎಂದು ಕೇಳಿದನು. ಹದಿನಾರು ತುಂಬಲಿ, ಮೊದಲಿನಿಂದ ಜೊತೆಯಲ್ಲಿ ನೋಡೋಣವೆಂದು ಮಾತು ಕೊಟ್ಟಿದ್ದೇನೆ. ಆಗ ನನಗೆ ಎಪ್ಪತ್ತೆರಡು.