ಇಬ್ಬರು ತಂದೆಯರ ನಡುವೆ: ‘ಎ ಬ್ರಾಂಕ್ಸ್ ಟೇಲ್’

ತನ್ನ ಬಾಲ್ಯವನ್ನು ಕಥೆಯಾಗಿಸುವವನು ಸಾಮಾನ್ಯವಾಗಿ ತನ್ನನ್ನೇ ಅದರ ನಡುವೆ ನಿಲ್ಲಿಸಿಕೊಳ್ಳುವನು. 1993ರಲ್ಲಿ ತೆರೆಗೆ ಬಂದ ‘ಎ ಬ್ರಾಂಕ್ಸ್ ಟೇಲ್’ ಎಂಬ ಅಮೆರಿಕದ ಚಲಚ್ಚಿತ್ರದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಕಥೆಯು ಚಾಜ್ ಪಾಲ್ಮಿಂಟೆರಿಯದು. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಇಟಲಿಯಿಂದ ಬಂದು ನೆಲಸಿದವರ ಕೇರಿಯಲ್ಲಿ, ಬೆಳೆದವನು ಆತನು. ಎಳೆಯ ವಯಸ್ಸಿನಲ್ಲಿ ಮನೆಯ ಮುಂದೆಯೇ ಕಂಡ ಕೊಲೆಯೊಂದನ್ನು ಬೀಜವಾಗಿಟ್ಟುಕೊಂಡು, ಸಮಸ್ತ ಪಾತ್ರಗಳನ್ನೂ ತಾನೊಬ್ಬನೇ ಆಡಿ ತೋರಿಸುವ ನಾಟಕವನ್ನು ಮೊದಲು ರಚಿಸಿದನು. ಅದನ್ನು ಚಿತ್ರವಾಗಿಸಲು ಬಂದವರ ಮುಂದೆ ಆತನಿಟ್ಟ ಕರಾರು ಇಷ್ಟೆ: ಚಿತ್ರಕಥೆಯನ್ನು ತಾನೇ ಬರೆಯಬೇಕು, ಸಾನಿಯ ಪಾತ್ರವನ್ನು ತಾನೇ ವಹಿಸಬೇಕು. ಸಾನಿಯೆಂದರೆ ಆ ಕೊಲೆ ಮಾಡಿದವನು! ತನ್ನ ಬಾಲ್ಯವನ್ನು ಬೇರೆ ನಟರಿಗೆ ಬಿಟ್ಟುಕೊಟ್ಟು, ಆ ಬಾಲ್ಯವನ್ನು ಮರುಳುಗೊಳಿಸಿದವನ ವೇಷವನ್ನು ಲೇಖಕನು ತೊಟ್ಟಿರುವನು. ತಂದೆಯ ಪಾತ್ರವು ರಾಬರ್ಟ್ ಡಿ ನಿರೋನದು. ಆತನು ನಿರ್ದೇಶಿಸಿದ ಮೊದಲ ಚಿತ್ರವೂ ಇದೇ. ಅದೇ ವರ್ಷ ತೀರಿಕೊಂಡ ತನ್ನ ತಂದೆಗೆ ಇದನ್ನು ಅರ್ಪಿಸಿರುವನು.

ಕಾಲವು 1960. ಒಂಬತ್ತು ವರ್ಷದ ಕಲೋಜೆರೋ ಪೋಲೀಸರ ಮುಂದೆ ಸಾನಿಯನ್ನು ಗುರುತಿಸದೆ ಉಳಿಸುವನು. ಅಂದಿನಿಂದ ಆ ಪುಂಡರ ನಾಯಕನ ಒಲುಮೆ ಅವನಿಗೆ ದೊರೆಯುವುದು. ಹುಡುಗನು ಗಳಿಸಿ ಬಚ್ಚಿಟ್ಟ 600 ಡಾಲರನ್ನು ಕಂಡ ತಂದೆ, ಬಸ್ಸು ನಡೆಸಿ ಹೊಟ್ಟೆ ಹೊರೆಯುವ ಲೊರೆಂಜೊ, ಆ ಹಣವನ್ನು ಸಾನಿಗೆ ಮರಳಿಸಲು ಹೋಗುವನು. ನಿತ್ಯವೂ ಎದ್ದು ದುಡಿಯುವವನೇ ಧೀರನು, ಬಂದೂಕು ಹಾರಿಸುವವನಲ್ಲ ಎಂದು ಮಗನಿಗೆ ಬುದ್ಧಿ ಹೇಳುವನು. ಮಾತು ನಿಜ. ಆದರೆ ಚಿತ್ರದ ಸೊಗಸೆಲ್ಲವೂ, ಉಡುಪು, ಹಾಡು, ಚತುರೋಕ್ತಿ ಎಲ್ಲವೂ, ಸಾನಿಯ ಪಾಲಿಗೆ ಹೋಗಿದೆ. ತಂದೆಯ ಪಾಲಿಗೆ ಉಳಿದುದು ಬಸ್ಸಿನ ಚಕ್ರವೊಂದೆ. ಬಾಲಕನ ಕಣ್ಣಿಗೆ ಲೋಕವು ಹಾಗೆಯೇ ಕಾಣುತ್ತಿತ್ತೆನ್ನಬಹುದು. ಆದರೆ ಹೇಳುತ್ತಿರುವವನು ಬಾಲಕನಲ್ಲವಷ್ಟೆ.

ಈ ಪಕ್ಷಪಾತವೇ ಒಂದೆಡೆ ಗುಣವಾಗಿ ಪರಿಣಮಿಸಿದೆ. 1968ರಲ್ಲಿ, ಹದಿನೇಳರ ಹರೆಯದ ಕಲೋಜೆರೋ ತಂದೆಯ ಬಸ್ಸಿನಲ್ಲಿ ಕಂಡ ಜೇನ್ ಎಂಬ ನೀಗ್ರೋ ಕನ್ಯೆಯನ್ನು ಒಲಿಯುವನು. ಪ್ರಾಮಾಣಿಕನಾದ ತಂದೆಯು ನಮ್ಮವರಲ್ಲಿಯೇ ಸಂಬಂಧ ಬೆಳೆಸಬೇಕೆಂದು ಹಿಂಜರಿದರೆ, ಕೊಲೆಗಡುಕನು ತನ್ನ ಮೋಟಾರನ್ನೇ ಕೊಟ್ಟು ಕಳುಹಿಸುವನು. ಸಜ್ಜನನು ಸಂಕುಚಿತನಾಗಿರುವುದೂ, ದುಷ್ಟನು ಉದಾರನಾಗಿರುವುದೂ ಸಾಧ್ಯವೆಂಬ ಸಂಕಟವನ್ನು ಚಿತ್ರವು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಜೇನಳಿಗೆ ಅವಳದೇ ಆದ ಬಾಳೆಂಬುದು ಹೆಚ್ಚಾಗಿ ದೊರೆತಿಲ್ಲ. ಅವಳ ಕಡೆಯ ಹುಡುಗರು ಹೊಡೆತಕ್ಕೆ ಗುರಿಯಾಗುವಷ್ಟಕ್ಕೆ ಮಾತ್ರ ಬಂದು ಹೋಗುವರು.

ಆ ಹುಡುಗರ ಅಂಗಡಿಗೆ ಬೆಂಕಿಯಿಕ್ಕಲು ಹೋದ ಗೆಳೆಯರೆಲ್ಲರೂ ಒಂದೇ ಮೋಟಾರಿನಲ್ಲಿ ಸುಟ್ಟು ಸಾಯುವರು. ಸಾನಿಯು ಕಲೋಜೆರೋನನ್ನು ಮೊದಲೇ ಅದರಿಂದ ಎಳೆದು ಇಳಿಸಿದ್ದನು. ಇದು ಬಾಳಿನ ನ್ಯಾಯಕ್ಕಿಂತ ನಾಟಕಕಾರನ ಅನುಕೂಲ. ಆಮೇಲೆ ಸಾನಿಯೂ, ತಾನು ಹಿಂದೆ ಕೊಂದವನ ಮಗನ ಗುಂಡಿಗೆ ಬಲಿಯಾಗುವನು.

ಕೊನೆಯ ದೃಶ್ಯವು ಈ ಕೊರತೆಗಳನ್ನೆಲ್ಲ ಮರೆಸುವುದು. ಶವಪೆಟ್ಟಿಗೆಯ ಬಳಿಗೆ ಲೊರೆಂಜೊ ತಾನಾಗಿಯೇ ಬರುವನು. ಮಗನ ಜೀವವನ್ನು ಉಳಿಸಿದವನಿಗೆ ಕೃತಜ್ಞತೆ ಹೇಳಿ, ತನಗೆ ಅವನ ಮೇಲೆ ದ್ವೇಷವಿರಲಿಲ್ಲ, ಮಗನನ್ನು ಅವಸರದಲ್ಲಿ ದೊಡ್ಡವನನ್ನಾಗಿ ಮಾಡಿದನೆಂಬ ಕೋಪವಿತ್ತು ಎಂದು ಸತ್ತವನಿಗೆ ತಿಳಿಸಿ, ಮಗನೊಡನೆ ಮನೆಯ ಕಡೆಗೆ ನಡೆಯುವನು.