ರಾಜನಿಗೆ ‘ಚೆಕ್’

‘ಚೆಕ್’ ಎಂಬ ಇಂಗ್ಲಿಷ್ ಮಾತಿಗೆ ಇಂದು ಕನ್ನಡಿಗರಿಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ಬ್ಯಾಂಕಿಗೆ ಕಟ್ಟುವುದು ಚೆಕ್ಕು. ಲೆಕ್ಕ ತಾಳೆ ನೋಡುವುದು ಚೆಕ್ ಮಾಡುವುದು. ಬಸ್ಸು ಹತ್ತಿ ಟಿಕೆಟ್ಟು ಕೇಳುವವರು ಚೆಕಿಂಗ್‌ನವರು. ಷರಟಿನ ಬಟ್ಟೆಯಲ್ಲಿ ಚೌಕಳಿಯಿದ್ದರೆ ಅದು ಚೆಕ್ಸು. ಚದುರಂಗದ ಮಣೆಯ ಮೇಲೆ ರಾಜನಿಗೆ ಕೊಡುವುದೂ ಚೆಕ್ಕೇ. ನಿಘಂಟು ಈ ಅರ್ಥಗಳಿಗೆಲ್ಲ ಒಂದು, ಎರಡು, ಮೂರು ಎಂದು ಅಂಕೆ ಹಾಕಿ ನಿಲ್ಲಿಸುತ್ತದೆ. ಅವು ಪರಸ್ಪರ ಏನಾಗಬೇಕು ಎಂಬುದನ್ನು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ನಂಟು ತಿಳಿಯದವನು ಕೈಗೆ ಮೊದಲು ಸಿಕ್ಕಿದ ಅರ್ಥವನ್ನು ಹಿಡಿದುಕೊಳ್ಳುತ್ತಾನೆ. ಅಂಗಡಿ ಬೀದಿಯಲ್ಲಿ ಇದರಿಂದ ಹಾನಿಯೇನೂ ಇಲ್ಲ. ಕಾವ್ಯವನ್ನು ಅನುವಾದಿಸಲು ಕುಳಿತಾಗ ಹಾನಿಯುಂಟು.

ಈ ಅರ್ಥಗಳೆಲ್ಲಕ್ಕೂ ಮೂಲಪುರುಷ ಒಬ್ಬ ರಾಜ. ನಮ್ಮ ‘ಚತುರಂಗ’ ಪಾರಸೀಕ ದೇಶಕ್ಕೆ ಹೋಗಿ ‘ಚತ್ರಂಗ್’ ಆಯಿತು, ಅರಬ್ಬರ ನಾಲಗೆಯಲ್ಲಿ ‘ಶತ್ರಂಜ್’ ಆಯಿತು. ಎದುರಾಳಿಯ ರಾಜನಿಗೆ ಕುತ್ತು ಬಂದಾಗ ‘ಶಾಹ್’ ಎಂದು ಕೂಗಿ ಎಚ್ಚರಿಸುವುದು ಆಟದ ಮರ್ಯಾದೆ. ಆ ಕೂಗು ಮಧ್ಯಯುಗದ ಲ್ಯಾಟಿನ್ನನ್ನೂ ಹಳೆಯ ಫ್ರೆಂಚನ್ನೂ ದಾಟಿ ಇಂಗ್ಲಿಷಿನಲ್ಲಿ ‘ಚೆಕ್’ ಎಂದು ನಿಂತಿತು. ಫಾರಸಿಯ ‘ಶಾಹ್’ ಶಬ್ದವೂ ನಮ್ಮ ‘ಕ್ಷತ್ರ’ವೂ ಒಂದೇ ಬುಡದ ಕೊಂಬೆಗಳು. ಇದನ್ನು ಕೇಳಿ ನಮ್ಮವರು ಹೆಮ್ಮೆಪಡಬಹುದು. ಹೆಮ್ಮೆಯಿಂದ ಅನುವಾದವೇನೂ ಸುಧಾರಿಸುವುದಿಲ್ಲ.

ರಾಜನಿಗೆ ಕುತ್ತು ಬಂದರೆ ಬೇರೆ ನಡೆಗಳೆಲ್ಲ ನಿಲ್ಲಬೇಕು. ಆದ್ದರಿಂದ ‘ಚೆಕ್’ಗೆ ತಡೆ ಎಂಬ ಅರ್ಥ ಬಂತು. ತಡೆಯಿಂದ ಹತೋಟಿ, ಹತೋಟಿಯಿಂದ ತಪಾಸಣೆ. ಚದುರಂಗದ ಮಣೆಯ ಹೆಸರಿನಿಂದ ಚೌಕಳಿ ಬಟ್ಟೆ ಬಂದಂತೆಯೇ ಇಂಗ್ಲೆಂಡಿನ ಬೊಕ್ಕಸದ ಹೆಸರಾದ ‘ಎಕ್ಸ್‌ಚೆಕರ್’ ಕೂಡ ಬಂತು. ಹನ್ನೆರಡನೆಯ ಶತಮಾನದಲ್ಲಿ ಬೊಕ್ಕಸದ ಅಧಿಕಾರಿ ರಿಚರ್ಡ್ ಫಿಟ್ಸ್‌ನೀಲ್ ಆ ಕಚೇರಿಯ ವಿಚಾರವಾಗಿ ಒಂದು ಗ್ರಂಥವನ್ನೇ ಬರೆದಿದ್ದಾನೆ. ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜು. ಅದರ ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಗೆರೆಗಳ ನಡುವೆ ಬಿಲ್ಲೆಗಳನ್ನಿಟ್ಟು ಜಿಲ್ಲೆಯ ಷೆರಿಫನಿಂದ ರಾಜಾದಾಯದ ಲೆಕ್ಕ ತೆಗೆದುಕೊಳ್ಳುತ್ತಿದ್ದರು. ಖಜಾಂಚಿಗೂ ಷೆರಿಫನಿಗೂ ನಡೆಯುವ ಈ ಜಗ್ಗಾಟ ಚದುರಂಗದಂತೆಯೇ ಇದೆ ಎಂದು ಅವನೇ ಹೋಲಿಸುತ್ತಾನೆ. ಬ್ಯಾಂಕಿನ ಚೆಕ್ಕಾದರೋ ಮೊದಲು ಮೋಸವನ್ನು ತಡೆಯಲು ಇಟ್ಟುಕೊಳ್ಳುವ ಪ್ರತಿಪತ್ರಿಕೆ. ‘ಎಕ್ಸ್‌ಚೆಕರ್’ನ ಬಳಿ ಸುಳಿದು ಬ್ರಿಟಿಷರ ಕೈಯಲ್ಲಿ ಅದರ ಕಾಗುಣಿತ ಬದಲಾಯಿತು; ಅಮೆರಿಕದವರು ಹಳೆಯದನ್ನೇ ಉಳಿಸಿಕೊಂಡಿದ್ದಾರೆ.

‘ಪಾನ್’ ಎಂಬ ಮಾತಿನ ಕಥೆಯೇ ಬೇರೆ. ಚದುರಂಗದ ಕಾಲಾಳಿಗೂ ಆ ಹೆಸರೇ, ಒತ್ತೆಯಿಟ್ಟ ವಸ್ತುವಿಗೂ ಆ ಹೆಸರೇ. ಆದರೆ ಮೊದಲನೆಯದು ಪಾದಕ್ಕೆ ಸಂಬಂಧಿಸಿದ್ದು, ನಮ್ಮ ‘ಪದಾತಿ’ಯ ದೂರದ ದಾಯಾದಿ, ಎರಡನೆಯದಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ. ಒಂದೇ ಅಂಗಿ ತೊಟ್ಟ ಇಬ್ಬರು ಇವರು.

ಈಗ ‘ಕಿಂಗ್ ಲಿಯರ್’ ನಾಟಕದ ಮೊದಲನೆಯ ದೃಶ್ಯವನ್ನು ನೋಡೋಣ. ಮುದುಕ ರಾಜ ಕಿರಿಯ ಮಗಳು ಕಾರ್ಡೀಲಿಯಳನ್ನು ತಳ್ಳಿಹಾಕಿದ್ದಾನೆ. ತುಂಬಿದ ಸಭೆಯಲ್ಲಿ ಎದುರು ನಿಲ್ಲುವವನು ಕೆಂಟ್ ಒಬ್ಬನೇ. ಈ ಘೋರವಾದ ದುಡುಕನ್ನು ‘ಚೆಕ್’ ಮಾಡು ಎನ್ನುತ್ತಾನೆ. ಪ್ರಾಣದ ಮೇಲೆ ಆಸೆಯಿದ್ದರೆ ಸುಮ್ಮನಿರು ಎಂದು ರಾಜ ಗದರಿಸಿದಾಗ, ನಿನ್ನ ಶತ್ರುಗಳೆದುರು ಒಡ್ಡುವ ‘ಪಾನ್’ ಎಂದಲ್ಲದೆ ಈ ಪ್ರಾಣವನ್ನು ನಾನು ಬೇರೆ ಬಗೆದವನಲ್ಲ ಎಂಬರ್ಥದ ಉತ್ತರ ಕೊಡುತ್ತಾನೆ. ಎರಡು ಮಾತಿಗೂ ಕೆಲವೇ ಸಾಲುಗಳ ಅಂತರ.

ಅನುವಾದದ ಅಭ್ಯಾಸಕ್ಕೆ ಈ ಭಾಗವನ್ನು ಕೊಟ್ಟಾಗಲೆಲ್ಲ ‘ದುಡುಕನ್ನು ಪರಿಶೀಲಿಸು’ ಎಂಬ ಕನ್ನಡ ನನ್ನ ಮೇಜಿಗೆ ಬಂದಿದೆ. ವಿದ್ಯಾರ್ಥಿಗಳನ್ನು ದೂರುವಂತಿಲ್ಲ; ನಾವೆಲ್ಲ ಆಡುವ ‘ಚೆಕ್ ಮಾಡು’ ಅದೇ ತಾನೆ? ಆದರೆ ತಾಳೆ ನೋಡುವ ಅರ್ಥ ಆ ಕಾಲಕ್ಕೆ ಇನ್ನೂ ಬೇರೂರಿರಲಿಲ್ಲ. ‘ಪರಿಶೀಲಿಸು’ ಎಂದೊಡನೆ ಕೆಂಟ್ ಅರ್ಜಿ ಹಿಡಿದು ನಿಂತ ಗುಮಾಸ್ತನಾಗುತ್ತಾನೆ. ಅವನು ಕೇಳುತ್ತಿರುವುದು ವಿಚಾರಣೆಯನ್ನಲ್ಲ, ರಾಜನಿಗೇ ತಡೆಯೊಡ್ಡುತ್ತಿದ್ದಾನೆ.

ಷೇಕ್ಸ್‌ಪಿಯರ್ ಇಲ್ಲಿ ಚದುರಂಗವನ್ನು ನೆನೆದೇ ಬರೆದನೆಂದು ನಾನು ಸಾಧಿಸಹೊರಟಿಲ್ಲ. ಶಬ್ದದ ಹುಟ್ಟು ಅದರ ಅರ್ಥವನ್ನು ತೀರ್ಮಾನಿಸುವುದಿಲ್ಲ, ಪ್ರಯೋಗ ತೀರ್ಮಾನಿಸುತ್ತದೆ. ಆದರೆ ಆಟ ಅವನಿಗೆ ಅಪರಿಚಿತವಲ್ಲ. ‘ಟೆಂಪೆಸ್ಟ್’ನ ಕೊನೆಯಲ್ಲಿ ಫರ್ಡಿನೆಂಡನೂ ಮಿರಾಂಡಳೂ ಚದುರಂಗ ಆಡುತ್ತಾರೆ, ‘ಕಿಂಗ್ ಜಾನ್’ನಲ್ಲಿ ರಾಣಿಯಾಗಿ ಲೋಕಕ್ಕೇ ಚೆಕ್ ಕೊಡಹೊರಟವಳೆಂಬ ಚುಚ್ಚುಮಾತಿದೆ. ಹಾಗಿರುವಾಗ ರಾಜನ ಮುಂದೆ, ಒಂದೇ ಉಸಿರಿನಲ್ಲಿ ಎಂಬಂತೆ, ‘ಚೆಕ್’ ಮತ್ತು ‘ಪಾನ್’ ಎರಡೂ ಬಂದರೆ ಕಿವಿಯುಳ್ಳ ಓದುಗನಿಗೆ ಚದುರಂಗದ ಮಣೆ ಕಾಣದಿರದು.

‘ಚೆಕ್’ಗೆ ‘ತಡೆ’ ಎಂದರೆ ಸಾಕು. ‘ಪಾನ್’ ಕಷ್ಟದ್ದು. ವಾಕ್ಯದ ಕ್ರಿಯಾಪದ ಜೂಜಿಗೆ ಒಡ್ಡುವ ಅರ್ಥದ್ದಾದುದರಿಂದ ಒತ್ತೆಯ ಅರ್ಥವೇ ಮುಂದೆ ನಿಲ್ಲುತ್ತದೆ. ನಮ್ಮಲ್ಲಿ ಪ್ರಾಣವನ್ನು ‘ಪಣ’ ಒಡ್ಡುವುದುಂಟು. ಪಾಂಡವರ ಜೂಜನ್ನು ನೆನಪಿಸುವ ಮಾತಾದ್ದರಿಂದ ರಾಜಸಭೆಗೂ ಹೊಂದುತ್ತದೆ. ಅದನ್ನು ಆರಿಸಿದರೆ ಕಾಲಾಳು ಕಳೆದುಹೋಗುತ್ತಾನೆ. ಅಡಿಟಿಪ್ಪಣಿ ಬರೆದು ಅವನನ್ನು ಉಳಿಸಹೊರಟರೆ ರಂಗದ ಮೇಲೆ ಅದನ್ನು ಓದುವವರಾರು? ಅದಕ್ಕಿಂತ ಒಂದು ದಾರಿ ಉಂಟು. ಗಡೀಪಾರಾದ ಕೆಂಟ್ ಅದೇ ಅಂಕದ ನಾಲ್ಕನೆಯ ದೃಶ್ಯದಲ್ಲಿ ವೇಷ ಮರೆಸಿಕೊಂಡು ಬಂದು ಲಿಯರನ ಸೇವೆಗೆ ಸೇರುತ್ತಾನೆ. ‘ಕಾಲಾಳು’ ಎಂಬ ಮಾತನ್ನು ಅನುವಾದಕ ಅಲ್ಲಿ ಅವನ ಬಾಯಲ್ಲೇ ಆಡಿಸಬಹುದು.