ವಸಡಿನ ರೋಗ ಮತ್ತು ಖಿನ್ನತೆ: ನಂಟೆಲ್ಲ ಕಾರಣವಲ್ಲ

'ಹಲ್ಲುಜ್ಜಿದರೆ ಖಿನ್ನತೆ ದೂರ' ಎಂಬ ಧಾಟಿಯ ಸುದ್ದಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಇಲ್ಲಿ ಪರಿಶೀಲಿಸಬೇಕಾದದ್ದು ಅಳತೆ ಮತ್ತು ತರ್ಕ. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೇ?

ಮಂಡ್ಯ ಜಿಲ್ಲೆಯದೇ ಒಂದು ಉದಾಹರಣೆ ನೋಡೋಣ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ಉಕ್ಕಿ ಹರಿದರೆ ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಕಟ್ಟೆಯಲ್ಲಿ ನೀರು ಏರುತ್ತದೆ. ಇದು ಕಾರಣ ಮತ್ತು ಪರಿಣಾಮ. ಅದೇ ವಾರ ಲಕ್ಷ್ಮಣತೀರ್ಥವೂ ಉಕ್ಕಬಹುದು. ಹಾಗೆಂದು ಹೇಮಾವತಿ ಅದನ್ನು ಉಕ್ಕಿಸಿತು ಎನ್ನಲಾದೀತೇ? ಎರಡಕ್ಕೂ ಪಶ್ಚಿಮಘಟ್ಟದ ಮಳೆಯೇ ಕಾರಣ. ವಸಡು ಮತ್ತು ಮನಸ್ಸಿನ ನಂಟು ಇವುಗಳಲ್ಲಿ ಯಾವ ಬಗೆಯದು?

ನೇರ ಸಂಬಂಧಕ್ಕೆ ದಾರಿ ಇಲ್ಲದಿಲ್ಲ. ಹಲ್ಲಿನ ಬುಡದ ಪಾಚಿಯಲ್ಲಿರುವ ಬ್ಯಾಕ್ಟೀರಿಯಗಳು ವಸಡಿನಲ್ಲಿ ಉರಿಯೂತ ಉಂಟುಮಾಡುತ್ತವೆ. ಆಗ ಹೊರಬೀಳುವ ಸೈಟೊಕೈನ್‌ಗಳು ರಕ್ತ ಸೇರುತ್ತವೆ. ಇಂಥ ವಸ್ತುಗಳು ಮನಸ್ಸನ್ನು ತಟ್ಟಬಲ್ಲವು. ಹೆಪಟೈಟಿಸ್-ಸಿ ರೋಗಕ್ಕೆ ಇಂಟರ್‌ಫೆರಾನ್ ಪಡೆದ ಹಲವರಲ್ಲಿ ಖಿನ್ನತೆ ಕಾಣಿಸಿಕೊಂಡದ್ದು ಇದಕ್ಕೆ ನಿದರ್ಶನ. ಎದುರು ದಿಕ್ಕಿನ ದಾರಿಯೂ ಇದೆ. ಖಿನ್ನತೆಗೆ ಒಳಗಾದವರು ಹಲ್ಲುಜ್ಜುವುದನ್ನೇ ಕೈಬಿಡಬಹುದು, ಬೀಡಿ ಹೆಚ್ಚಿಸಬಹುದು.

ಆದರೆ ದಾರಿ ಇದೆ ಎಂಬುದು ಒಂದು ಮಾತು, ಆ ದಾರಿಯಲ್ಲೇ ರೋಗ ಬಂತೆಂಬುದು ಇನ್ನೊಂದು. 2015ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನವನ್ನೇ ನೋಡಿ. ವಿಮಾ ದಾಖಲೆಗಳಿಂದ ಆರಿಸಿದ 12,708 ವಸಡುರೋಗಿಗಳನ್ನು ಆ ರೋಗವಿಲ್ಲದ 25,416 ಮಂದಿಯೊಂದಿಗೆ ಹೋಲಿಸಲಾಯಿತು. ರೋಗಿಗಳಲ್ಲಿ ಮುಂದೆ ಖಿನ್ನತೆ ಬರುವ ಅಪಾಯ 1.73 ಪಟ್ಟು ಎಂದು ಕಂಡುಬಂತು. ಇದರರ್ಥ ನೂರರಲ್ಲಿ 73 ಮಂದಿಗೆ ಖಿನ್ನತೆ ಎಂದಲ್ಲ. ವಸಡುರೋಗವಿಲ್ಲದ ನೂರು ಜನರಲ್ಲಿ 4 ಮಂದಿಗೆ ಖಿನ್ನತೆ ಬರುತ್ತದೆ ಎಂದುಕೊಂಡರೆ, ರೋಗವಿರುವ ನೂರರಲ್ಲಿ ಸುಮಾರು 7 ಮಂದಿಗೆ ಬರುತ್ತದೆ, ಅಷ್ಟೇ.

ಇನ್ನೂ ಮುಖ್ಯವಾದ ಕೊರತೆ ಎಂದರೆ, ಆ ವಿಮಾ ದಾಖಲೆಗಳಲ್ಲಿ ಧೂಮಪಾನದ ವಿವರವೇ ಇರಲಿಲ್ಲ. ಧೂಮಪಾನ ವಸಡಿಗೆ ಕೇಡು. ಖಿನ್ನತೆಯವರಲ್ಲಿ ಅದು ಹೆಚ್ಚು. ಮಳೆಯನ್ನು ಅಳೆಯದೆ ಎರಡು ನದಿಗಳನ್ನು ಹೋಲಿಸಿದಂತಾಯಿತು. ಜೊತೆಗೆ, ವೈದ್ಯರ ಬಳಿಗೆ ಪದೇ ಪದೇ ಹೋಗುವವರ ಎರಡೂ ರೋಗಗಳು ದಾಖಲಾಗುತ್ತವೆ. ಹೋಗದವರ ಒಂದೂ ದಾಖಲಾಗುವುದಿಲ್ಲ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಗೆ ಸ್ಪಷ್ಟ ಸಂಬಂಧ ಸಿಗಲಿಲ್ಲ.

ನಮ್ಮ ಊರುಗಳಲ್ಲಿ ಈ 'ಮಳೆ' ಯಾವುದು? ನಾಲೆಯ ನೀರುಣ್ಣುವ ಪಾಂಡವಪುರದಲ್ಲಾಗಲಿ, ಮಳೆಯನ್ನೇ ನೆಚ್ಚಿದ ನಾಗಮಂಗಲದಲ್ಲಾಗಲಿ, ಬೆಳೆಯ ಬೆಲೆ ಬಿದ್ದು ಸಾಲ ಏರಿದರೆ ನಿದ್ದೆ ಕೆಡುತ್ತದೆ, ಹೊಗೆಸೊಪ್ಪು ಹೆಚ್ಚುತ್ತದೆ, ಹಲ್ಲಿನ ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳನ್ನು ಕಂಡ ನಾವು ಇದನ್ನು ಮರೆಯಬಾರದು. ಸಂಕಟದ ಮೂಲವನ್ನು ಬಿಟ್ಟು ಹಲ್ಲುಜ್ಜುವ ಬ್ರಷ್ಷಿನ ಮೇಲೆ ಹೊಣೆ ಹಾಕುವ ಸುದ್ದಿ ತಪ್ಪಷ್ಟೇ ಅಲ್ಲ, ಅನ್ಯಾಯವೂ ಹೌದು.

ಆದ್ದರಿಂದ ಇಂಥ ಸುದ್ದಿ ತರಗತಿಗೆ ಬಂದಾಗ ವಿದ್ಯಾರ್ಥಿಗಳಿಂದ ಮೂರು ಪ್ರಶ್ನೆ ಕೇಳಿಸಿ. ಯಾವುದು ಮೊದಲು ಬಂತು? ಎರಡಕ್ಕೂ ಸಾಮಾನ್ಯವಾದ ಕಾರಣವನ್ನು ಅಳೆದರೇ? ಒಂದನ್ನು ಗುಣಪಡಿಸಿದಾಗ ಇನ್ನೊಂದು ಇಳಿಯಿತೇ?

ವಸಡಿನಲ್ಲಿ ರಕ್ತ ಕಂಡರೆ ದಂತವೈದ್ಯರನ್ನು ಕಾಣಿ. ಧೂಮಪಾನಿಗಳಲ್ಲಿ ರೋಗವಿದ್ದರೂ ರಕ್ತ ಕಡಿಮೆ ಕಾಣುವುದರಿಂದ ಅವರು ಇನ್ನಷ್ಟು ಎಚ್ಚರದಿಂದಿರಬೇಕು. ಖಿನ್ನತೆಗೆ ಅದರದೇ ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ನಮ್ಮ ಚಿಂತೆ ಮೊದಲು ಅವರ ಬಗ್ಗೆ ಇರಲಿ.